ಡಿಶ್ ಕೀಳೋದೂ ಬೇಡ, ಮರ ಕಡಿಯೋದೂ ಬೇಡ

1/6
ನಮ್ಮ ಬಿಳಿಗೆರೆ ಕಡೆ ಅಕ್ಕಪಕ್ಕದ ಜಗಳ ಅಂದ್ರೆ ಬದು, ಬೇಲಿ, ಬಚ್ಚಲು ನೀರು. ಈಗ ಆ ಲಿಸ್ಟಿಗೆ ಡಿಶ್ಶೂ ಸೇರಿದೆ. ಎರಡಡಿ ಅಗಲದ ತಟ್ಟೆಗೋಸ್ಕರ ವರ್ಷಗಟ್ಟಲೆ ಮಾತು ಬಿಡೋರಿದ್ದಾರೆ. ನನ್ನ ವಾದ ನೇರ: ನಮ್ಮ ಸೂರಿನ ಮೇಲೆ, ನಮ್ಮ ಗಡಿಯೊಳಗೆ ಡಿಶ್ ಇಡೋಕೆ ಪಕ್ಕದ ಮನೆಯವರ ಅಪ್ಪಣೆ ಬೇಕಿಲ್ಲ. ಹಾಗೇ ನಮ್ಮ ಡಿಶ್‌ಗೋಸ್ಕರ ಪಕ್ಕದವರ ತೆಂಗಿನಮರ ಕಡಿಸೋ ಹಕ್ಕೂ ನಮಗಿಲ್ಲ. ಮೊದಲನೇದನ್ನ ಒಪ್ಪೋರು ಎರಡನೇದನ್ನ ಒಪ್ಪಲ್ಲ, ಎರಡನೇದನ್ನ ಒಪ್ಪೋರು ಮೊದಲನೇದನ್ನ ಒಪ್ಪಲ್ಲ. ಅದಕ್ಕೇ ಈ ಸೀರೀಸ್.

2/6
"ನಿಮ್ ಡಿಶ್ ರೇಡಿಯೇಶನ್ನಿಂದ ನಮ್ ಮರ ಒಣಗ್ತಾ ಐತೆ." ಈ ಮಾತು ಕೇಳದೇ ಇರೋರು ಯಾರಾದ್ರೂ ಇದ್ದೀರಾ? ಸ್ವಾಮಿ, ಮನೆ ಮೇಲಿನ ಡಿಶ್ ಏನನ್ನೂ ಕಳಿಸಲ್ಲ. ಸುಮಾರು 36,000 ಕಿ.ಮೀ. ಮೇಲಿಂದ ಬರೋ ಸಿಗ್ನಲ್ ಹಿಡಿಯುತ್ತೆ, ಅಷ್ಟೇ. ಡಿಶ್ ಇದ್ರೂ ಇಲ್ದಿದ್ರೂ ಆ ಸಿಗ್ನಲ್ ನಿಮ್ಮ ತೋಟದ ಮೇಲೆ ಬೀಳ್ತಾನೇ ಇರುತ್ತೆ. ಮರ ಸೊರಗೋಕೆ ಕಾಂಡ ಸೋರುವ ರೋಗ ಇದೆ, ಕಪ್ಪು ತಲೆ ಹುಳ ಇದೆ, ಬಿಳಿ ನೊಣ ಇದೆ, ಅಂತರ್ಜಲ ಇಳಿದಿರೋದು ಇದೆ. ಅವಕ್ಕೆ ಔಷಧಿ ಹುಡುಕೋದು ಬಿಟ್ಟು ಪಕ್ಕದ ಮನೆ ಡಿಶ್ ಬೈತಾ ಕೂತ್ರೆ ಹುಳಕ್ಕೇ ಲಾಭ.

3/6
ಈಗ ಡಿಶ್ ಇರೋರ ಸರದಿ. "ನಿಮ್ ಮರ ಅಡ್ಡ ಬಂದು ಸಿಗ್ನಲ್ ಇಲ್ಲ, ಕಡಿಸಿ" ಅಂತೀರಲ್ಲ, ಯಾವ ದಿಕ್ಕಿನ ಮರ? ನಾವಿರೋದು ಹೆಚ್ಚುಕಮ್ಮಿ 76.5 ಡಿಗ್ರಿ ಪೂರ್ವ ರೇಖಾಂಶದಲ್ಲಿ. ಡಿಡಿ ಫ್ರೀ ಡಿಶ್ ಬರೋ ಜಿಸ್ಯಾಟ್-15 ಇರೋದು 93.5 ಡಿಗ್ರಿಯಲ್ಲಿ. ಅಂದ್ರೆ ನಮಗೆ ಆಗ್ನೇಯಕ್ಕೆ, ಸುಮಾರು 65 ಡಿಗ್ರಿ ಎತ್ತರದಲ್ಲಿ. ಬೇರೆ ಕಂಪನಿಗಳದ್ದೂ ಪೂರ್ವ ಮತ್ತು ದಕ್ಷಿಣದ ನಡುವೆಯೇ. ಪಡುವಲ, ಬಡಗಲ ಮರ ಅಡ್ಡ ಬರೋ ಮಾತೇ ಇಲ್ಲ. ಡಿಶ್ ನೋಡೋಕೆ ಬಗ್ಗಿಕೊಂಡಂಗೆ ಕಂಡ್ರೂ ಅದು ನೋಡ್ತಿರೋದು ಇನ್ನೂ ಮೇಲಕ್ಕೆ. ಹಂಗಾಗಿ ಫ್ರೀ ಡಿಶ್‌ಗೆ, ಮರ ಡಿಶ್‌ಗಿಂತ ಎಷ್ಟು ಎತ್ತರವೋ ಅದರ ಅರ್ಧದಷ್ಟು ದೂರ, ಜೊತೆಗೆ ಗರಿ ಹರಡೋ ಜಾಗ ಬಿಟ್ರೆ ಸಾಕು. ಬಿಕಾಂ ಹುಡುಗನ ಲೆಕ್ಕ ಕೇಳಿ: ಒಂದು ಕಡೆ ಇನ್ನೊಂದಿಪ್ಪತ್ತು ಅಡಿ ಕೇಬಲ್, ಇನ್ನೊಂದು ಕಡೆ ದಶಕಗಳ ಕಾಲ ಕಾಯಿ ಕೊಡೋ ಮರ. ಯಾವುದು ಅಗ್ಗ?

4/6
"ಟಿವಿ ತಾನೇ, ಶೋಕಿ" ಅನ್ನೋರಿಗೆ. 2020ರಲ್ಲಿ ಶಾಲೆ ಮುಚ್ಚಿದಾಗ ನಮ್ಮಂಥ ಹೈಸ್ಕೂಲ್ ಮಕ್ಕಳಿಗೆ ಪಾಠ ಬಂದಿದ್ದು ಚಂದನ ವಾಹಿನಿಯಲ್ಲಿ. ಸ್ಮಾರ್ಟ್‌ಫೋನ್ ಇಲ್ಲದ ಮನೆಗೆ ಡಿಶ್ಶೇ ಶಾಲೆ. 2004ರ ಡಿಸೆಂಬರ್‌ನಲ್ಲಿ ಶುರುವಾದ ದೂರದರ್ಶನದ ಉಚಿತ ಡಿಶ್‌ಗೆ ಇವತ್ತಿಗೂ ತಿಂಗಳ ಬಾಡಿಗೆ ಇಲ್ಲ. ಇನ್ನೊಂದು ವಿಷಯ: 1997ರಲ್ಲಿ ಮನೆಗೆ ನೇರ ಡಿಶ್ ಹಾಕಿಸೋದನ್ನ ಕೇಂದ್ರ ಸರ್ಕಾರವೇ ನಿಷೇಧಿಸಿತ್ತು. ಅನುಮತಿ ಸಿಕ್ಕಿದ್ದು 2000ದಲ್ಲಿ. ಅದಕ್ಕೂ ಮೊದಲೇ, 1995ರ ಕ್ರಿಕೆಟ್ ಅಸೋಸಿಯೇಷನ್ ಆಫ್ ಬೆಂಗಾಲ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು: ಗಾಳಿಯ ತರಂಗ ಸಾರ್ವಜನಿಕ ಆಸ್ತಿ, ಮಾಹಿತಿ ಪಡೆಯೋದೂ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ. ಸರ್ಕಾರವೇ ಬಿಟ್ಟುಕೊಟ್ಟ ಮೇಲೆ ಪಕ್ಕದ ಮನೆಯವರದ್ದೇನು ತಕರಾರು?

5/6
ಅತಿ ಹೆಚ್ಚು ಅನುಭವಿಸೋರು ಬಾಡಿಗೆದಾರರು. "ಗೋಡೆ ತೂತಾಗುತ್ತೆ, ಲುಕ್ ಹಾಳಾಗುತ್ತೆ" ಅಂತ ಓನರ್ ತಡೀತಾರೆ. ಅದೇ ಓನರ್ ಡಿಶ್ ಮಾತ್ರ ರಾಜಾರೋಷವಾಗಿ ನಿಂತಿರುತ್ತೆ! ಅಮೆರಿಕದಲ್ಲಿ 1996ರಲ್ಲೇ ನಿಯಮ ಬಂತು: ಒಂದು ಮೀಟರ್‌ವರೆಗಿನ ಡಿಶ್‌ಗೆ ಕಾಲೋನಿ ಸಂಘಗಳು ಅಡ್ಡಿ ಮಾಡಂಗಿಲ್ಲ. 1999ರಿಂದ ಬಾಡಿಗೆದಾರರೂ ತಮ್ಮ ಬಾಲ್ಕನಿ, ಅಂಗಳದಲ್ಲಿ ಇಟ್ಕೋಬಹುದು. ಎಲ್ಲರಿಗೂ ಸೇರಿದ ಜಾಗ ಮತ್ತು ಸುರಕ್ಷತೆಯಂಥ ವಿಷಯಕ್ಕೆ ವಿನಾಯಿತಿ ಇದೆ. ನಮ್ಮಲ್ಲೂ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಪ್ರಕಾರ ಮೇಲ್ಚಾವಣಿ ಎಲ್ಲರಿಗೂ ಸೇರಿದ್ದು. ಹಂಗಿದ್ರೆ ಒಂದೇ ಡಿಶ್ಶಿಂದ ಎಲ್ಲಾ ಮನೆಗೂ ಕೇಬಲ್ ಎಳೀರಿ. "ಬೇಡ" ಅನ್ನೋದು ನಿಯಮ ಅಲ್ಲ, ದರ್ಪ.

6/6
ಹಕ್ಕು ಕೇಳೋರಿಗೆ ಬಾಧ್ಯತೆನೂ ಇರಲಿ. ಆಷಾಢದ ಗಾಳಿಗೆ ಮುಂಚೆ ಬೋಲ್ಟ್ ಬಿಗಿ ಮಾಡಿ. ತಟ್ಟೆ ಹಾರಿ ಯಾರ ತಲೆಗಾದ್ರೂ ಬಿದ್ರೆ ಸುಪ್ರೀಂ ಕೋರ್ಟ್ ತೀರ್ಪು ನಿಮ್ಮನ್ನ ಕಾಪಾಡಲ್ಲ. ಪಕ್ಕದವರ ಗೋಡೆಗೆ ಮೊಳೆ ಹೊಡೀಬೇಡಿ, ಅವರ ಅಂಗಳದ ಮೇಲೆ ಕೇಬಲ್ ಎಳೀಬೇಡಿ. ರೀಚಾರ್ಜ್ ನಿಲ್ಲಿಸಿ ವರ್ಷಗಳಾದ್ರೂ ತುಕ್ಕು ಹಿಡೀತಾ ಕಾಗೆ ಕೂರಿಸ್ಕೊಂಡಿರೋ ಹಳೇ ಡಿಶ್ ಇಳಿಸಿ ಗುಜರಿಗೆ ಹಾಕಿ.

ಉಪಗ್ರಹಗಳನ್ನ ನೋಡ್ಕೊಳ್ಳೋ ಇಸ್ರೋ ಕೇಂದ್ರ ಇರೋದು ನಮ್ಮ ಪಕ್ಕದ ಜಿಲ್ಲೆ ಹಾಸನದಲ್ಲೇ. 36,000 ಕಿ.ಮೀ. ದೂರದ್ದನ್ನ ಅಲ್ಲಿ ಕೂತು ಸರಿಯಾಗಿ ನಿಲ್ಲಿಸ್ತಾರೆ. ನಮಗೆ ಕಾಂಪೌಂಡ್ ಆಚೆ ಇರೋರ ಜೊತೆ ಐದು ನಿಮಿಷ ಮಾತಾಡೋಕೆ ಆಗಲ್ವಾ? ಒಪ್ಪದವರು ಕಾಮೆಂಟಲ್ಲಿ ಬನ್ನಿ. ಬರೋ ಮುಂಚೆ ನಿಮ್ಮ ಮನೆಯ ಆಗ್ನೇಯ ಯಾವ ಕಡೆ ಅಂತ ನೋಡ್ಕೊಂಡು ಬನ್ನಿ.

#ಬಿಳಿಗೆರೆ #ತಿಪಟೂರು #ಡಿಶ್‌ಜಗಳ #ಕಲ್ಪತರುನಾಡು