ಹೆದ್ದಾರಿಯ ಹೊಸ ಅರವಟ್ಟಿಗೆ

ಸ್ಮರಣ ಸಂಚಿಕೆಗೆ ಸಾಹಿತ್ಯವಿಷಯಕವಾದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದ್ದರು. ಹಳಗನ್ನಡ ವ್ಯಾಕರಣವನ್ನು ಬೋಧಿಸುವವನು ವಿದ್ಯುತ್ ವಾಹನದ ಮಾತನ್ನೆತ್ತಿದರೆ ಅವರಿಗೆ ಅಚ್ಚರಿಯಾದೀತು. ಆದರೆ ಕಳೆದ ಬೇಸಗೆಯಲ್ಲಿ ಹೆದ್ದಾರಿಯ ಮಗ್ಗುಲಲ್ಲಿ ಕುಳಿತು ಕಳೆದ ಮೂರು ಗಂಟೆಗಳು ಇನ್ನೂ ನನ್ನ ಮನಸ್ಸನ್ನು ಬಿಟ್ಟಿಲ್ಲ. ವಾಚಕ ಮಹಾಶಯರು ಮನ್ನಿಸಬೇಕು.

ಹಳೆಯ ಶಿಷ್ಯನೊಬ್ಬನು ತನ್ನ ವಿದ್ಯುತ್ ಕಾರಿನಲ್ಲಿ ನನ್ನನ್ನು ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಕರೆದೊಯ್ಯುತ್ತಿದ್ದನು. ಹಿರಿಯೂರನ್ನು ದಾಟುವ ವೇಳೆಗೆ ಬ್ಯಾಟರಿ ಬರಿದಾಗುತ್ತ ಬಂದಿತ್ತು. ಒಂದು ಪೆಟ್ರೋಲ್ ಬಂಕಿನಲ್ಲಿ ವೇಗದ ಚಾರ್ಜಿಂಗ್ ಕಂಬವಿದೆಯೆಂದು ಅವನ ಮೊಬೈಲು ತೋರಿಸಿತು. ಹೋಗಿ ನೋಡಿದರೆ ಕಂಬವೇನೋ ಇತ್ತು, ಅದರ ಪರದೆ ಮಾತ್ರ ಕಪ್ಪಾಗಿತ್ತು. "ಅದು ಕೆಟ್ಟು ಎರಡು ತಿಂಗಳಾಯ್ತು ಸಾರ್. ನಮಗೂ ಅದಕ್ಕೂ ಸಂಬಂಧ ಇಲ್ಲ, ಕಂಪನಿಯೋರೇ ಬರಬೇಕು" ಎಂದನು ಬಂಕಿನ ಹುಡುಗ. ಮುಂದಿನ ಕಂಬ ಚಿತ್ರದುರ್ಗದಲ್ಲಿ. ಅಲ್ಲಿಯವರೆಗೆ ಹೋಗುವ ಧೈರ್ಯ ನಮಗಿರಲಿಲ್ಲ. ಪಕ್ಕದಲ್ಲಿ ಚಹಾದಂಗಡಿಯನ್ನಿಟ್ಟುಕೊಂಡಿದ್ದ ಹೆಣ್ಣುಮಗಳು ನಮ್ಮ ಮುಖವನ್ನು ನೋಡಿ, "ಬರ್ರಿ ಸ್ವಾಮಿ, ಫ್ರಿಜ್ಜಿನ ಸಾಕೆಟ್ ಐತೆ, ಹಾಕ್ಕಳ್ರಿ" ಎಂದಳು. ಬೇವಿನ ನೆರಳಿನಲ್ಲಿ ಕುಳಿತು, ಮಜ್ಜಿಗೆ ಕುಡಿದು, ಮೂರು ಗಂಟೆಗಳಲ್ಲಿ ಒಂಬತ್ತು ಯೂನಿಟ್ಟಿನಷ್ಟು ವಿದ್ಯುತ್ತನ್ನು ತುಂಬಿಸಿಕೊಂಡು ಹೊರಟೆವು. ಲಕ್ಷಗಟ್ಟಲೆ ಬೆಲೆಯ ಯಂತ್ರ ಮಾಡದ ಉಪಕಾರವನ್ನು ಒಂದು ಸಾಕೆಟ್ ಮಾಡಿತು.

ಶಿಷ್ಯನು ಆ ಬಿಡುವಿನಲ್ಲಿ ನನಗೆ ಪಾಠ ಹೇಳಿದನು. ಮನೆಯ ಹದಿನೈದು ಆಂಪಿಯರ್ ಸಾಕೆಟ್ಟಿನಿಂದ ಗಂಟೆಗೆ ಸುಮಾರು 3 ಯೂನಿಟ್ ದೊರೆಯುತ್ತದೆ. 30 ಯೂನಿಟ್ಟಿನ ಬ್ಯಾಟರಿ ತುಂಬಲು ಒಂದು ಇಡೀ ರಾತ್ರಿ ಬೇಕು. 50 ಕಿಲೋವಾಟಿನ ವೇಗದ ಕಂಬವಾದರೆ ಅರ್ಧ ಗಂಟೆಯಲ್ಲಿ ಬಹುಪಾಲು ತುಂಬಿಸುತ್ತದೆ. ನೂರಕ್ಕೆ 80ರಷ್ಟಾದ ಮೇಲೆ ಬ್ಯಾಟರಿಯ ರಕ್ಷಣೆಗಾಗಿ ವೇಗ ತಾನಾಗಿ ತಗ್ಗುವುದರಿಂದ, ಅಷ್ಟಕ್ಕೆ ಬಿಚ್ಚಿಕೊಂಡು ಹೊರಡುವುದೇ ಪ್ರಯಾಣಿಕನ ಜಾಣತನ.

ಈ ಅರ್ಧ ಗಂಟೆಯಲ್ಲಿಯೇ ವಿಷಯದ ತಿರುಳಿದೆ. ಪೆಟ್ರೋಲ್ ಹಾಕಿಸಲು ನಾಲ್ಕು ನಿಮಿಷ ಸಾಕು. ಗಿರಾಕಿ ಕಾರಿನಿಂದ ಇಳಿಯುವುದೂ ಇಲ್ಲ. ವಿದ್ಯುತ್ತಿಗಾಗಿ ಬಂದವನು ಇಳಿಯುತ್ತಾನೆ, ಕುಳಿತುಕೊಳ್ಳುತ್ತಾನೆ. ಅವನ ಜೊತೆಯಲ್ಲಿ ಮಕ್ಕಳಿರುತ್ತಾರೆ, ಮುದುಕರಿರುತ್ತಾರೆ. ಕಂಬವನ್ನು ನೆಟ್ಟ ಬಂಕು ಅಂದಿನಿಂದ ಬಂಕಾಗಿ ಉಳಿಯುವುದಿಲ್ಲ, ತಂಗುದಾಣವಾಗುತ್ತದೆ. ಕೆರೆ, ಬಾವಿ, ಸತ್ರಗಳೊಂದಿಗೆ ಅರವಂಟಿಗೆಗಳಿಗೂ ದತ್ತಿ ಬಿಟ್ಟುದನ್ನು ನಮ್ಮ ಶಾಸನಗಳು ಹೇಳುತ್ತವೆ. ದತ್ತಿ ಬಿಟ್ಟವರು ಗುಡಾರವೊಂದನ್ನು ಕಟ್ಟಿ ಕೈತೊಳೆದುಕೊಳ್ಳಲಿಲ್ಲ. ನಿತ್ಯವೂ ನೀರು ತುಂಬುವವನ ಜೀವನಕ್ಕೆ ಭೂಮಿಯನ್ನು ಬಿಟ್ಟರು. ನಾವಿಂದು ಕಂಬವನ್ನು ನೆಟ್ಟಿದ್ದೇವೆ, ನೀರು ತುಂಬುವವನನ್ನು ಮರೆತಿದ್ದೇವೆ.

ಸರ್ಕಾರ ಸುಮ್ಮನೆ ಕುಳಿತಿಲ್ಲ. ವಿದ್ಯುತ್ ವಾಹನಗಳಿಗೆಂದೇ ನೀತಿಯೊಂದನ್ನು 2017ರಲ್ಲಿ ದೇಶದಲ್ಲೇ ಮೊದಲಿಗೆ ರೂಪಿಸಿದ ರಾಜ್ಯ ನಮ್ಮದು. 2023ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರವು ಮೂರು ಸಾರ್ವಜನಿಕ ತೈಲ ಕಂಪನಿಗಳಿಗೆ 7,432 ವೇಗದ ಚಾರ್ಜಿಂಗ್ ಕೇಂದ್ರಗಳಿಗಾಗಿ 800 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. 2024ರ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಇದೇ ಬಾಬಿಗೆ ಮತ್ತೆ 2,000 ಕೋಟಿಯನ್ನು ತೆಗೆದಿರಿಸಲಾಯಿತು. ಹಣದ ಕೊರತೆಯೆಂದು ಹೇಳುವಂತಿಲ್ಲ. ನನ್ನ ಅಭಿಪ್ರಾಯದಲ್ಲಿ ಸಹಾಯಧನದ ದೊಡ್ಡ ಪಾಲನ್ನು ಕಂಬ ನೆಟ್ಟ ದಿನಕ್ಕೆ ಕೊಡದೆ, ಅದು ಕೆಲಸ ಮಾಡಿದ ದಿನಗಳನ್ನು ಎಣಿಸಿ ಕೊಡಬೇಕು. ಬಂಕಿನ ಒಡೆಯನಿಗೂ ವಿದ್ಯುತ್ತಿನ ಆದಾಯದಲ್ಲಿ ಪಾಲಿರಬೇಕು. ಪಾಲಿಲ್ಲದವನು "ನಮಗೂ ಅದಕ್ಕೂ ಸಂಬಂಧ ಇಲ್ಲ" ಎನ್ನದೆ ಇನ್ನೇನೆಂದಾನು?

ಒಡೆಯನ ಕಷ್ಟವೂ ಸುಳ್ಳಲ್ಲ. ಒಂದೇ ಕಂಬ ಹದಿನೈದಕ್ಕೂ ಹೆಚ್ಚು ಮನೆಗಳ ಹೊರೆಯನ್ನು ಎಳೆಯುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿಸಬೇಕು, ವಾಹನ ಬಂದರೂ ಬಾರದಿದ್ದರೂ ನಿಗದಿತ ಶುಲ್ಕವನ್ನು ತೆರಬೇಕು. ಕಾರುಗಳು ಹೆಚ್ಚದೆ ಕಂಬ ಲಾಭ ತಾರದು, ಕಂಬಗಳು ಹೆಚ್ಚದೆ ಜನ ಕಾರು ಕೊಳ್ಳರು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ತರಗತಿಯಲ್ಲಿ ನಾನು ಕೊಟ್ಟಿಲ್ಲ. 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು 89 ವಿದ್ಯುತ್ತಿನವೇ ಆಗಿದ್ದ ನಾರ್ವೆ ದೇಶದಲ್ಲಿ ಪೆಟ್ರೋಲ್ ಬಂಕುಗಳೂ ಚಾರ್ಜಿಂಗ್ ಕಂಬಗಳನ್ನು ನೆಟ್ಟಿವೆ. ಕಾಯುವ ಗಿರಾಕಿಗೆ ಪಕ್ಕದ ಅಂಗಡಿ ಕಾಫಿ, ತಿಂಡಿಗಳನ್ನು ಮಾರುತ್ತದೆ.

ನಮ್ಮಲ್ಲಿ ಆ ಅಂಗಡಿಯನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. ದಾವಣಗೆರೆಯಿಂದ ಮುಂದಕ್ಕೆ ಖಾನಾವಳಿಗಳು ಇವೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಮೇಲೊಂದಿಷ್ಟು ಮೊಸರು: ಊಟಕ್ಕೆ ಹಿಡಿಯುವುದೂ ಅದೇ ಅರ್ಧ ಗಂಟೆ. ವಾಹನಕ್ಕೆ ವಿದ್ಯುತ್ ತುಂಬಿಸುವುದು ಸೇವೆಯೇ ಹೊರತು ವಿದ್ಯುತ್ ಮಾರಾಟವಲ್ಲ, ಅದಕ್ಕೆ ಲೈಸೆನ್ಸ್ ಬೇಕಿಲ್ಲ ಎಂದು ಕೇಂದ್ರ ವಿದ್ಯುತ್ ಸಚಿವಾಲಯವು 2018ರಲ್ಲಿಯೇ ಸ್ಪಷ್ಟಪಡಿಸಿದೆ. ಇದನ್ನು ತಿಳಿದ ಖಾನಾವಳಿಯವರು ಎಷ್ಟು ಮಂದಿ? ಬಹುತೇಕರು ಮನೆಯಲ್ಲಿಯೇ ತುಂಬಿಸಿಕೊಳ್ಳುತ್ತಾರೆ, ದಾರಿಯಲ್ಲಿ ಇದೆಲ್ಲ ಏಕೆ ಎನ್ನುವವರುಂಟು. ಸ್ವಂತ ಮನೆ, ಮನೆಯ ಮುಂದೆ ಸ್ವಂತ ಜಾಗ ಉಳ್ಳವರ ಮಾತದು. ಬಾಡಿಗೆಯ ಕೋಣೆಯಲ್ಲಿರುವ ಟ್ಯಾಕ್ಸಿ ಚಾಲಕನು ಮೂರನೆಯ ಮಹಡಿಯಿಂದ ತಂತಿಯನ್ನು ಇಳಿಬಿಡಲಾದೀತೆ?

ನಮ್ಮ ವಿದ್ಯಾಲಯದಲ್ಲಿ ಓದಿ, ಶ್ರೀಮಠದ ದಾಸೋಹದಲ್ಲಿ ಉಂಡು ಬೆಳೆದವರಲ್ಲಿ ಹೆದ್ದಾರಿಯ ಮೇಲೆ ಬಂಕು, ಖಾನಾವಳಿಗಳನ್ನು ನಡೆಸುವವರು ಹಲವರಿದ್ದಾರೆ. ಈ ಸಂಚಿಕೆ ಅವರ ಕೈಗೂ ಸೇರುತ್ತದೆ. ಅವರಲ್ಲಿ ನನ್ನ ಬಿನ್ನಹವಿಷ್ಟೆ: ಕಂಬದ ಮೇಲೊಂದು ತಗಡಿನ ಚಪ್ಪರ, ಬಳಿಯಲ್ಲಿ ಒಂದು ಬೆಂಚು, ಕುಡಿಯುವ ನೀರು, ಹೆಣ್ಣುಮಕ್ಕಳು ಅಂಜದೆ ಹೋಗಬಹುದಾದ ಶೌಚಾಲಯ ಇರಲಿ. ನಾಳೆ ಬೆಳಿಗ್ಗೆ ಬಂಕಿನ ಬೀಗ ತೆಗೆದೊಡನೆ ಕಂಬದ ಪರದೆ ಬೆಳಗುತ್ತಿದೆಯೇ ಎಂದು ನೋಡಿರಿ; ಕಪ್ಪಾಗಿದ್ದರೆ ಆಗಲೇ ಕಂಪನಿಗೆ ಫೋನು ಮಾಡಿರಿ.