ಖಾತೆದಾರನಿಗೆ ಕೌಂಟರೇ ಇಲ್ಲದ ಬ್ಯಾಂಕು

ಬ್ಯಾಂಕು ಅನ್ನುವ ಪದ ಎಲ್ಲಿ ಕಂಡರೂ ನನ್ನ ಕಣ್ಣು ಒಂದು ಕ್ಷಣ ಅಲ್ಲೇ ನಿಲ್ಲುತ್ತದೆ. ಮೂವತ್ತು ವರ್ಷಕ್ಕೂ ಮೇಲೆ ಅದರ ಅನ್ನ ಉಂಡವನಿಗೆ ಇದು ಸಹಜ ತಾನೇ? ರಕ್ತದ ಬ್ಯಾಂಕು, ಬೀಜದ ಬ್ಯಾಂಕು, ವೋಟ್ ಬ್ಯಾಂಕು ಎಲ್ಲ ನೋಡಿಯಾಯಿತು. ಈಗ ಕೆಲವು ವರ್ಷಗಳಿಂದ ಇನ್ನೊಂದು ಸೇರಿದೆ, ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್. 2021ರ ಜುಲೈನಲ್ಲಿ ಯುಜಿಸಿ ಇದಕ್ಕೆ ನಿಯಮ ಮಾಡಿತು. ವಿದ್ಯಾರ್ಥಿ ಓದಿ ಪಾಸಾದ ಪ್ರತಿಯೊಂದು ವಿಷಯಕ್ಕೂ ಇಷ್ಟು ಕ್ರೆಡಿಟ್ ಎಂದು ಅವನ ಖಾತೆಗೆ ಜಮಾ ಆಗುತ್ತದೆ, ಸಾಕಷ್ಟು ಕೂಡಿದ ಮೇಲೆ ಅದನ್ನು ಕೊಟ್ಟು ಪದವಿ ಪಡೆಯಬಹುದು. ಕೇಳಲಿಕ್ಕೆ ಎಷ್ಟು ಚೆಂದ!

ಆದರೆ ನಿಯಮಗಳನ್ನು ಓದಿದಾಗ ನನಗೆ ನಗು ಬಂತು. ಈ ಬ್ಯಾಂಕಿನಲ್ಲಿ ಖಾತೆದಾರ ತಾನಾಗಿ ಒಂದು ಕ್ರೆಡಿಟ್ಟನ್ನೂ ಜಮಾ ಮಾಡುವ ಹಾಗಿಲ್ಲ. ಅವನ ಕೈಯಿಂದ ಯಾವ ಸರ್ಟಿಫಿಕೇಟನ್ನೂ ನೇರವಾಗಿ ತೆಗೆದುಕೊಳ್ಳುವುದಿಲ್ಲ. ಕಾಲೇಜು ಕಳಿಸಿದರೆ ಮಾತ್ರ ಜಮಾ. ನಕಲಿ ಸರ್ಟಿಫಿಕೇಟಿನ ಹಾವಳಿ ತಡೆಯಲು ಅದು ಬೇಕು, ಒಪ್ಪಿದೆ. ಆದರೆ ಕಾಲೇಜು ಕಳಿಸದಿದ್ದರೆ? ತಡಮಾಡಿದರೆ? ಕಾರಣ ಹೇಳದೆ ತಿರಸ್ಕರಿಸಿದರೆ? ಅಲ್ಲಿಗೆ ಬಂದಾಗ ನಗು ನಿಂತು ಸಿಟ್ಟು ಬಂತು.

ಸಿಟ್ಟಿಗೆ ಕಾರಣ ಇದೆ. ನಮ್ಮ ಕಟ್ಟಡದಲ್ಲೇ ವಿಜಯಪುರದ ಕಡೆಯ ಒಂದು ಕುಟುಂಬವಿದೆ. ಅವರ ಮಗಳು ಇಲ್ಲಿಯ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಇಂಜಿನಿಯರಿಂಗ್ ಓದುತ್ತಿದ್ದಾಳೆ. ಕಾಲೇಜಿನ ಹೆಸರು ಬೇಡ ಬಿಡಿ, ಇಂಥವು ಊರೂರಿಗೆ ಇವೆ. ಮೂರನೇ ವರ್ಷದಲ್ಲಿ ಐಚ್ಛಿಕ ವಿಷಯ ಆರಿಸಿಕೊಳ್ಳಬೇಕು. ಪಟ್ಟಿಯಲ್ಲಿ ಆರು ವಿಷಯ. ಇವಳಿಗೆ ಬೇಕಾಗಿದ್ದದ್ದು ಕಂಪೈಲರ್. ನಾನು ಬಿ.ಕಾಂ. ಗಿರಾಕಿ, ಕಂಪೈಲರ್ ಎಂದರೇನು ಎಂದು ಅವಳನ್ನೇ ಕೇಳಿದೆ. ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಆಜ್ಞೆಗಳಾಗಿ ಮಾಡಿಕೊಡುವ ತಂತ್ರಾಂಶವಂತೆ. ಅದು ಗೊತ್ತಿಲ್ಲದೆ ಕಂಪ್ಯೂಟರ್ ಇಂಜಿನಿಯರ್ ಆಗುವುದೆಂದರೆ ಡೆಬಿಟ್ ಕ್ರೆಡಿಟ್ ತಿಳಿಯದೆ ಬಿ.ಕಾಂ. ಆದ ಹಾಗೆ, ಅಲ್ಲವೇ?

ಬೆಳಿಗ್ಗೆ ಹತ್ತಕ್ಕೆ ಲಿಂಕ್ ತೆರೆಯುತ್ತದೆ ಎಂದಿದ್ದರು. ಹತ್ತೂ ಏಳಕ್ಕೆ ಎಲ್ಲ ಮುಗಿದಿತ್ತು. ಮೊದಲು ಕೈಗೆ ಸಿಕ್ಕವರಿಗೆ ಸೀಟು. "ಕಾಕಾ, ಪೇಜ್ ತೆರೆಯೂದ್ರಾಗ ಸೀಟೆಲ್ಲಾ ತುಂಬಿ ಹೋಗಿದ್ವು. ಆಮ್ಯಾಲ ಕಂಪೈಲರ್ ತೊಗೊಂಡವರೂ ಕಡಿಮಿ ಅಂತ ಅದನ್ನ ತೆಗದೇ ಬಿಟ್ರು" ಎಂದಳು. ನೋಡಿ ತಮಾಷೆ. ಒಂದು ಕಡೆ ಸೀಟು ಇಲ್ಲ, ಇನ್ನೊಂದು ಕಡೆ ಜನ ಇಲ್ಲ. ಹಾಗಾದರೆ ಸೀಟು ಎಷ್ಟಿತ್ತು? ಕನಿಷ್ಠ ಎಷ್ಟು ಜನ ಬೇಕಿತ್ತು? ಪಾಠ ಮಾಡುವವರು ಯಾರು? ಯಾವ ನೋಟಿಸಿನಲ್ಲೂ ಇರಲಿಲ್ಲ. ಉಳಿದವರನ್ನೆಲ್ಲ ಖಾಲಿ ಇದ್ದ ವಿಷಯಕ್ಕೆ ತಳ್ಳಿದರು. ಅದಕ್ಕೆ ಹೆಸರು 'ಐಚ್ಛಿಕ'!

ಹುಡುಗಿ ಸುಮ್ಮನೆ ಕೂರಲಿಲ್ಲ. ಎನ್‌ಪಿಟಿಇಎಲ್ ಎಂಬುದು ನಿಮಗೆ ಗೊತ್ತಿರಬಹುದು. ಐಐಟಿಗಳೂ ನಮ್ಮ ಬೆಂಗಳೂರಿನ ಐಐಎಸ್‌ಸಿಯೂ ಸೇರಿ 2003ರಲ್ಲಿ ಶುರು ಮಾಡಿದ ಕೆಲಸ. ದೊಡ್ಡ ದೊಡ್ಡ ಪ್ರಾಧ್ಯಾಪಕರ ಪಾಠಗಳು ಪುಕ್ಕಟೆ ಸಿಗುತ್ತವೆ. 2017ರಲ್ಲಿ ಬಂದ ಸ್ವಯಂ ಪೋರ್ಟಲ್ಲಿನಲ್ಲೂ ಇವು ಇವೆ. ಹನ್ನೆರಡು ವಾರದ ಪಾಠ, ವಾರವಾರವೂ ಮನೆಗೆಲಸ, ಕೊನೆಗೆ ಶುಲ್ಕ ಕಟ್ಟಿ ಕೇಂದ್ರಕ್ಕೇ ಹೋಗಿ ಮೇಲ್ವಿಚಾರಕರ ಎದುರು ಪರೀಕ್ಷೆ. ಅವಳು ಕಂಪೈಲರ್ ಪಾಠ ಕೇಳಿದಳು, ಪರೀಕ್ಷೆ ಬರೆದಳು, ಒಳ್ಳೆಯ ಅಂಕ ಪಡೆದಳು. ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಪಾಠಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಓದಲು ಅವಕಾಶ ಕೊಡಬಹುದು. ಕಾಲೇಜು ಏನೆಂದಿತು? "ಮೊದಲೇ ಅನುಮತಿ ತೆಗೆದುಕೊಳ್ಳಬೇಕಿತ್ತು." ಯಾರಿಂದ, ಯಾವಾಗ, ಯಾವ ಫಾರಂನಲ್ಲಿ? ಅದೂ ಯಾವ ನೋಟಿಸಿನಲ್ಲೂ ಇರಲಿಲ್ಲ.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಚೆಕ್ ವಾಪಸಾದರೆ ಅದರ ಜೊತೆ ಒಂದು ಚೀಟಿ ಹೋಗಲೇಬೇಕು. ಹಣ ಸಾಲದು, ಸಹಿ ಹೊಂದುವುದಿಲ್ಲ, ತಾರೀಖು ತಪ್ಪು, ಹೀಗೆ ಕಾರಣ ಬರೆದು. ಐನೂರು ರೂಪಾಯಿಯ ಚೆಕ್ಕಿಗೂ ಅದೇ ನಿಯಮ. ಗ್ರಾಹಕನಿಗೆ ಸಮಾಧಾನವಾಗದಿದ್ದರೆ ಓಂಬುಡ್ಸ್‌ಮನ್ ಇದ್ದಾರೆ; ರಿಸರ್ವ್ ಬ್ಯಾಂಕ್ ಆ ವ್ಯವಸ್ಥೆಯನ್ನು 1995ರಲ್ಲೇ ತಂದಿತು. ನಾವೇನು ದೇವತೆಗಳಲ್ಲ, ಬೈಸಿಕೊಂಡು ಬೈಸಿಕೊಂಡು ಕಲಿತವರು. ಆದರೆ ಒಬ್ಬ ವಿದ್ಯಾರ್ಥಿಯ ಆರು ತಿಂಗಳ ದುಡಿಮೆಯನ್ನು ವಾಪಸು ಕಳಿಸುವವರು ಎರಡು ಸಾಲಿನ ಚೀಟಿಯನ್ನೂ ಕೊಡುವುದಿಲ್ಲವೆಂದರೆ, ದಯವಿಟ್ಟು ಅದಕ್ಕೆ ನಮ್ಮ ಬ್ಯಾಂಕಿನ ಹೆಸರು ಇಡಬೇಡಿ ಸ್ವಾಮಿ!

ಕಾಲೇಜಿನವರ ಪರವಾಗಿಯೂ ಮಾತುಗಳಿವೆ, ಇಲ್ಲವೆನ್ನುವುದಿಲ್ಲ. ಕಂಪ್ಯೂಟರ್ ವಿಭಾಗದಲ್ಲಿ ಕಲಿಸುವವರೇ ಸಿಗುವುದಿಲ್ಲ, ಚೆನ್ನಾಗಿ ಬಲ್ಲವರು ಕಂಪನಿಗೆ ಹೋಗುತ್ತಾರೆ ಎನ್ನುತ್ತಾರೆ. ನಿಜವೇ. ಆದರೆ 2024-25ರಿಂದ ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ಸೀಟಿನ ಗರಿಷ್ಠ ಮಿತಿಯನ್ನೇ ಎಐಸಿಟಿಇ ತೆಗೆದಾಗ, ಕಂಪ್ಯೂಟರ್ ಸೀಟು ಹೆಚ್ಚಿಸಲು ಓಡಿದವರು ಯಾರು? ಸೀಟು ಮಾರುವಾಗ ಇಲ್ಲದ ಮೇಷ್ಟರ ಚಿಂತೆ ವಿಷಯ ಆರಿಸುವಾಗ ಎಲ್ಲಿಂದ ಬಂತು? ಇನ್ನು, ಮಕ್ಕಳು ಸುಲಭವಾಗಿ ಅಂಕ ಬರುವುದನ್ನೇ ಆರಿಸುತ್ತಾರೆ ಎಂಬ ದೂರು. ಕೆಲವರು ಆರಿಸುತ್ತಾರೆ. ಅದಕ್ಕಾಗಿ ಕಷ್ಟದ್ದನ್ನು ಕೇಳಿದವಳಿಗೆ ಶಿಕ್ಷೆಯೇ?

ಬೆರಳಿನ ವೇಗದ ಮೇಲೆ ಸೀಟು ಹಂಚುವುದಕ್ಕಂತೂ ಯಾವ ಸಮರ್ಥನೆಯೂ ಇಲ್ಲ. ಮನೆಯಲ್ಲಿ ಒಳ್ಳೆ ಇಂಟರ್ನೆಟ್ ಇದ್ದವನಿಗೆ ಕಂಪೈಲರ್, ಹಾಸ್ಟೆಲಿನಲ್ಲಿ ಮೊಬೈಲ್ ಹಿಡಿದು ಕೂತವನಿಗೆ ಉಳಿದದ್ದು. ಇದೇ ಮಕ್ಕಳು ಕಾಲೇಜಿಗೆ ಬರುವಾಗ ಹೇಗೆ ಬಂದರು? ಕರ್ನಾಟಕದಲ್ಲಿ ಕೆಇಎ ಆಪ್ಶನ್ ಎಂಟ್ರಿ, ಐಐಟಿ ಎನ್‌ಐಟಿಗಳಿಗೆ ಜೋಸಾ. ಎಲ್ಲ ಕಡೆಯೂ ಇಷ್ಟದ ಕ್ರಮದಲ್ಲಿ ಪಟ್ಟಿ ತುಂಬು, ಮೊದಲೇ ಸಾರಿದ ನಿಯಮದಂತೆ ಹಂಚಿಕೆ. ಇಡೀ ರಾಜ್ಯಕ್ಕೆ ಮಾಡಲು ಆಗುವುದು ಒಂದು ವಿಭಾಗದ ಇನ್ನೂರು ಮುನ್ನೂರು ಮಕ್ಕಳಿಗೆ ಆಗುವುದಿಲ್ಲವೇ? ಅದೂ ಕಂಪ್ಯೂಟರ್ ವಿಭಾಗದಲ್ಲಿ! ಅವರ ವಿದ್ಯಾರ್ಥಿಗಳಿಗೇ ಪ್ರಾಜೆಕ್ಟ್ ಎಂದು ಕೊಟ್ಟಿದ್ದರೆ ಒಂದು ತಿಂಗಳಲ್ಲಿ ಮಾಡಿ ಕೊಡುತ್ತಿದ್ದರು.

ಓದುವ ಸಾಮಗ್ರಿಯ ಕಥೆ ಇನ್ನೂ ವಿಚಿತ್ರ. ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು. ಒಳ್ಳೆಯ ಕೆಲಸ, ಕೈ ಮುಗಿಯೋಣ. ಆದರೆ ಮೊದಲ ಹಂತದಲ್ಲಿ ಇದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ನಮ್ಮ ಕಂಪ್ಯೂಟರ್ ಮಕ್ಕಳು ಹೆಚ್ಚಾಗಿ ಓದುವುದೆಲ್ಲಿ? ಖಾಸಗಿ ಕಾಲೇಜುಗಳಲ್ಲಿ. ತೆರಿಗೆ ನಮ್ಮದೂ ಇದೆ, ಆದರೆ ನಮ್ಮ ಮಕ್ಕಳು ಬಾಗಿಲ ಹೊರಗೆ. ಗ್ರಂಥಾಲಯದಲ್ಲಿ ಪರೀಕ್ಷಾ ಗೈಡುಗಳ ಸಾಲು, ಗೇಟಿನ ಹೊರಗೆ ಝೆರಾಕ್ಸ್ ಅಂಗಡಿ. ಆ ಝೆರಾಕ್ಸಿಗಾದರೂ ಒಂದು ಗೌರವ ಸಿಕ್ಕಿತು ಎನ್ನಿ: 2016ರಲ್ಲಿ ದೆಹಲಿ ಹೈಕೋರ್ಟು, ಪಾಠಕ್ಕಾಗಿ ಪುಸ್ತಕದ ಭಾಗಗಳನ್ನು ನಕಲು ಮಾಡಿಕೊಡುವುದು ಕಾಪಿರೈಟ್ ಉಲ್ಲಂಘನೆಯಲ್ಲ ಎಂದಿತು. ಅಷ್ಟಾದರೂ ಎಷ್ಟು ಕಾಲೇಜುಗಳು ಸೆಮಿಸ್ಟರಿನ ಮೊದಲ ದಿನ ಮಕ್ಕಳಿಗೆ 'ಇದನ್ನು ಓದಿ, ಇದು ಇಲ್ಲಿ ಸಿಗುತ್ತದೆ' ಎಂಬ ಒಂದು ಹಾಳೆ ಕೊಡುತ್ತವೆ? ಎಂಐಟಿಯ ಪಾಠಗಳು, ಎನ್‌ಪಿಟಿಇಎಲ್, ಆರ್ಕೈವ್‌ನ ಸಂಶೋಧನಾ ಲೇಖನಗಳು, ಎಲ್ಲ ಕಾಸಿಲ್ಲದೆ ಸಿಗುವಂಥವು. ಸಾಮಗ್ರಿಯ ಬರವಿಲ್ಲ, ದಾರಿ ತೋರಿಸುವವರ ಬರ.

ಇದೆಲ್ಲ ಬ್ಯಾಂಕಿನವನಿಗೇಕೆ ಎನ್ನಬೇಡಿ. ಎಜುಕೇಶನ್ ಲೋನ್ ಫೈಲುಗಳು ನನ್ನ ಮೇಜಿನ ಮೇಲೆ ಬರುತ್ತವೆ. ಗದಗ, ಬಾಗಲಕೋಟೆ, ಹಾವೇರಿಯಿಂದ ಮಗನನ್ನೋ ಮಗಳನ್ನೋ ಪುಣೆಗೆ, ಮುಂಬಯಿಗೆ ಕಳಿಸುವ ತಂದೆಯರ ಸಹಿ ನೋಡಿದ್ದೇನೆ. ನಾಲ್ಕು ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ. ಸಾಲ ದೊಡ್ಡದಾದರೆ ಜಾಮೀನುದಾರ ಬೇಕಾಗಬಹುದು, ಆಗ ದಾಯಾದಿಯ ಮನೆ ಬಾಗಿಲಿಗೆ ಹೋಗಿ ನಿಲ್ಲಬೇಕು. ಓದು ಮುಗಿದು ಒಂದು ವರ್ಷಕ್ಕೆ ಕಂತು ಶುರು. ಇಂಟರ್‌ವ್ಯೂನಲ್ಲಿ ಕೇಳುವುದು ಬುನಾದಿಯ ಪ್ರಶ್ನೆಗಳನ್ನು. ಅದನ್ನು ಕಲಿಯಲು ಬಿಡದೆ, ಖಾಲಿ ಇದ್ದ ವಿಷಯ ತುಂಬಿ ಕಳಿಸಿದರೆ ಕಂತು ಕಟ್ಟುವವರು ಯಾರು? ಕಾಲೇಜಿನವರಲ್ಲ.

ಆದ್ದರಿಂದ ಹೊರನಾಡಿನಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮ್ಮವರಿಗೆ ಒಂದು ಮಾತು. ಫೀ ಕಟ್ಟುವ ದಿನವೇ ಬರೆದು ಕೇಳಿ. ಈ ವರ್ಷ ನಡೆಯುವ ಐಚ್ಛಿಕ ವಿಷಯ ಯಾವುವು, ಕಲಿಸುವವರು ಯಾರು, ಸೀಟು ಎಷ್ಟು? ಹಂಚಿಕೆಯ ನಿಯಮ ಏನು? ಸ್ವಯಂನ ಯಾವ ಪಾಠಗಳಿಗೆ ಕ್ರೆಡಿಟ್ ಕೊಡುತ್ತೀರಿ, ಅರ್ಜಿಗೆ ಕೊನೆಯ ದಿನ ಯಾವುದು? ಕೊಡದಿದ್ದರೆ ಕಾರಣವನ್ನು ಬರಹದಲ್ಲಿ ಕೊಡುತ್ತೀರಾ? ಉತ್ತರ ಬರದಿದ್ದರೆ ಯುಜಿಸಿಯ 2023ರ ನಿಯಮದಂತೆ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ ಇರಬೇಕು, ಅದರ ಮೇಲೆ ಓಂಬುಡ್ಸ್‌ಪರ್ಸನ್ ಇರಬೇಕು. ಅಲ್ಲಿಗೆ ದೂರು ಕೊಡಿ, ರಸೀದಿ ಇಟ್ಟುಕೊಳ್ಳಿ. "ನಾವು ಪರ ಊರಿನವರು, ಸುಮ್ಮನೆ ಯಾಕೆ ತಂಟೆ" ಎಂದು ಹಿಂಜರಿಯಬೇಡಿ. ಫೀ ಕಟ್ಟುವಾಗ ನಾವು ಯಾವ ಊರಿನವರೆಂದು ಯಾರೂ ಕೇಳಲಿಲ್ಲ.

ಹುಡುಗಿಯ ಅರ್ಜಿ ಸಮಿತಿಯ ಮುಂದಿದೆ. ಕರಡು ತಿದ್ದಿಕೊಟ್ಟವನು ನಾನೇ. ಸೋತರೂ ಪರವಾಗಿಲ್ಲ, ಕಾರಣ ಬರೆದಿರುವ ಆ ಚೀಟಿಯಾದರೂ ಕೈಗೆ ಬರಲಿ. ಮುಂದಿನ ವರ್ಷದ ಮಕ್ಕಳಿಗೆ ಅದೇ ನಿಯಮಪುಸ್ತಕ ಆಗುತ್ತದೆ. ನೀವೇನಂತೀರಿ?