ಎರಡು ಗೆರೆ ಎಳೆದರೆ ಗೋಡೆ ಆಗಲ್ಲ

ಏಳನೇ ಸೆಮಿಸ್ಟರಿನ ಕೊನೆಯ ಜ್ಯೂರಿಗೆ ಒಂದೇ ರಾತ್ರಿ ಬಾಕಿ. ನಾವು ನಾಲ್ಕು ಜನ ಸೇರಿ ಒಂದು ಸಾರ್ವಜನಿಕ ಗ್ರಂಥಾಲಯದ ವಿನ್ಯಾಸ ಮಾಡಿದ್ದೆವು. ಸಂಜೆ ಸ್ಟುಡಿಯೋಗೆ ಬಂದ ಗೈಡ್, "ಮೆಟ್ಟಿಲನ್ನ ಸ್ವಲ್ಪ ಉತ್ತರಕ್ಕೆ ಸರಿಸ್ರಪ್ಪಾ, ಲಾಬಿ ಇಕ್ಕಟ್ಟಾಗಿದೆ" ಅಂದು ಹೊರಟುಹೋದರು. ಹೇಳೋಕೆ ಒಂದೇ ವಾಕ್ಯ. ಆಟೋಕ್ಯಾಡ್‌ನಲ್ಲಿ ಅದು ಮೂರು ಪ್ಲಾನ್, ಎರಡು ಸೆಕ್ಷನ್, ಎರಡು ಎಲಿವೇಷನ್, ಒಟ್ಟು ಏಳು ಡ್ರಾಯಿಂಗ್. ಬೆಳಗಿನ ಜಾವ ನಾಲ್ಕು ಗಂಟೆಗೆ ಆರು ಮುಗಿದಿದ್ದವು. ಏಳನೆಯದು ನಿದ್ದೆಗಣ್ಣಲ್ಲಿ ಮರೆತೇಹೋಯಿತು. ಮರುದಿನ ಜ್ಯೂರಿಗೆ ಬಂದ ಆರ್ಕಿಟೆಕ್ಟ್ ಸರಿಯಾಗಿ ಅದರ ಮೇಲೇ ಬೆರಳಿಟ್ಟು ಕೇಳಿದರು: "ಈ ಕಿಟಕಿ ಎಲಿವೇಷನ್‌ನಲ್ಲಿದೆ. ಪ್ಲಾನ್‌ನಲ್ಲಿ ಎಲ್ಲಿ?"

ಇಂಥ ರಾತ್ರಿ ನಮ್ಮ ವಿಭಾಗದ ಎಲ್ಲರಿಗೂ ಬಂದಿರುತ್ತೆ. ಅದಕ್ಕೆ ಸೀನಿಯರ್‌ಗಳು ಕೊಡುವ ಔಷಧಿಯೂ ಒಂದೇ: "ಕ್ಯಾಡ್ ಬಿಡ್ರೋ, ರೆವಿಟ್ ಕಲೀರಿ." ನಾವೂ ಕಲಿತೆವು. ಕಲಿತ ಮೇಲೆ ಅನ್ನಿಸಿದ್ದನ್ನ ಇಲ್ಲಿ ಹೇಳಬೇಕಿದೆ. ಇದು ಬರೀ ಸಾಫ್ಟ್‌ವೇರ್ ಬದಲಾವಣೆ ಅಂದುಕೊಂಡು ಕಲಿತರೂ, ಹಾಗಂದುಕೊಂಡೇ ಕಲಿಸಿದರೂ ನಾವು ದೊಡ್ಡದೊಂದನ್ನ ಕಳೆದುಕೊಳ್ಳುತ್ತೇವೆ.

ಸ್ವಲ್ಪ ಹಿನ್ನೆಲೆ. ಆಟೋಕ್ಯಾಡ್ ಬಂದಿದ್ದು 1982ರ ಡಿಸೆಂಬರ್‌ನಲ್ಲಿ. ಟಿ-ಸ್ಕ್ವೇರ್, ಟ್ರೇಸಿಂಗ್ ಪೇಪರ್, ಬ್ಲೇಡಿನಲ್ಲಿ ಇಂಕು ಕೆರೆಯುವ ಕಷ್ಟ ಎಲ್ಲ ತಪ್ಪಿತು. ಆದರೆ ಗೆರೆ ಗೆರೆಯಾಗಿಯೇ ಉಳಿಯಿತು. ಕಟ್ಟಡವನ್ನೇ ಕಂಪ್ಯೂಟರಿನಲ್ಲಿ ವಿವರಿಸಿ ಡ್ರಾಯಿಂಗನ್ನ ಅದರಿಂದ ತೆಗೆಯಬೇಕು ಅನ್ನುವ ಯೋಚನೆ ಅದಕ್ಕೂ ಹಳೆಯದು. ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ 1970ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದರು. ಹಂಗೇರಿಯಿಂದ ಆರ್ಕಿಕ್ಯಾಡ್ ಬಂತು. 2000ದಲ್ಲಿ ರೆವಿಟ್ ಬಂತು, 2002ರಲ್ಲಿ ಆಟೋಕ್ಯಾಡ್‌ನ ಒಡೆಯರಾದ ಆಟೋಡೆಸ್ಕ್ ಕಂಪನಿಯೇ ಅದನ್ನ ಕೊಂಡುಕೊಂಡಿತು. ಈ ಇಡೀ ಪದ್ಧತಿಗೆ ಬಿಮ್ ಅಂತಾರೆ (ಸಿವಿಲ್‌ನವರೇ, ನಿಮ್ಮ ಬೀಮ್ ಅಲ್ಲ, ಅದು ಮುಂದೆ ಬರುತ್ತೆ). ಬ್ರಿಟನ್ ಸರ್ಕಾರ 2016ರಿಂದ ತನ್ನ ಕೇಂದ್ರ ಯೋಜನೆಗಳಿಗೆ ಇದನ್ನ ಕಡ್ಡಾಯ ಮಾಡಿತು.

ಕಂಪ್ಯೂಟರ್ ಸೈನ್ಸ್ ಗೆಳೆಯರಿಗೆ ಅರ್ಥವಾಗುವ ಹಾಗೆ ಹೇಳಬೇಕಂದ್ರೆ, ರೆವಿಟ್‌ನಲ್ಲಿ ಕಟ್ಟಡ ಒಂದು ಡೇಟಾಬೇಸ್. ಪ್ಲಾನ್, ಸೆಕ್ಷನ್, ಬಾಗಿಲು-ಕಿಟಕಿಗಳ ಪಟ್ಟಿ ಎಲ್ಲವೂ ಅದಕ್ಕೆ ಹಾಕಿದ ಕ್ವೆರಿಗಳು. ಮೆಟ್ಟಿಲನ್ನ ಒಂದು ಕಡೆ ಸರಿಸಿದರೆ ಏಳೂ ಕಡೆ ಸರಿಯುತ್ತೆ.

ಇಷ್ಟೇ ಆಗಿದ್ದರೆ ನಾವು ಈ ಲೇಖನ ಬರೀತಾನೇ ಇರಲಿಲ್ಲ. ಎಂಟನೇ ಸೆಮಿಸ್ಟರಿನಲ್ಲಿ ಇಂಟರ್ನ್‌ಶಿಪ್‌ಗೆ ಹೋದ ಆಫೀಸಿನಲ್ಲಿ ಮೊದಲ ವಾರವೇ ಪೆಟ್ಟು ಬಿತ್ತು. ಕ್ಯಾಡ್‌ನಲ್ಲಿ ಗೋಡೆ ಅಂದರೆ ಒಂದು ಗೆರೆ, ಆಫ್‌ಸೆಟ್ 200, ಇನ್ನೊಂದು ಗೆರೆ. ರೆವಿಟ್‌ನಲ್ಲೂ ಅದೇ ಧೈರ್ಯದಲ್ಲಿ ಗೋಡೆಗಳನ್ನ ಹಾಕುತ್ತಾ ಹೋದೆವು. ಸೀನಿಯರ್ ಬಂದು ಕೇಳಿದ್ದು ಮೂರು ಪ್ರಶ್ನೆ. ಇದು ಇಟ್ಟಿಗೆಯದಾ, ಕಾಂಕ್ರೀಟ್ ಬ್ಲಾಕಿನದಾ? ಈ 200ರಲ್ಲಿ ಪ್ಲಾಸ್ಟರ್ ಸೇರಿದೆಯಾ? ಮೇಲೆ ಎಲ್ಲಿಗೆ ನಿಲ್ಲುತ್ತೆ, ಬೀಮಿನ ತಳಕ್ಕಾ, ಸ್ಲ್ಯಾಬಿನ ತಳಕ್ಕಾ? ಮೂರಕ್ಕೂ ನಮ್ಮಲ್ಲಿ ಉತ್ತರ ಇರಲಿಲ್ಲ. ನಾಲ್ಕು ವರ್ಷ ಗೋಡೆ ಎಳೆದಿದ್ದೆವು, ಒಂದು ಗೋಡೆಯನ್ನೂ ತೀರ್ಮಾನ ಮಾಡಿರಲಿಲ್ಲ.

ನಿಜವಾದ ವ್ಯತ್ಯಾಸ ಇಲ್ಲಿದೆ. ಗೆರೆ ಎಳೆಯುವಾಗ ಗೊತ್ತಿಲ್ಲದ್ದನ್ನ ಮುಂದಕ್ಕೆ ಹಾಕಬಹುದು. ಮಾದರಿ ಕಟ್ಟುವಾಗ ಅದು ಎದುರಿಗೇ ಬಂದು ನಿಲ್ಲುತ್ತೆ.

ಕಾಲೇಜಿಗೆ ವಾಪಸ್ ಬಂದ ಮೇಲೆ ಅದೇ ಗ್ರಂಥಾಲಯವನ್ನ ರೆವಿಟ್‌ನಲ್ಲಿ ಮತ್ತೆ ಕಟ್ಟಿದೆವು. ಮಹಡಿಯಿಂದ ಮಹಡಿಗೆ 3300 ಮಿಲಿಮೀಟರ್ ಎತ್ತರ. ಸ್ಲ್ಯಾಬ್ ಸೇರಿ ಬೀಮಿನ ಆಳ 600 ಬೇಕು ಅಂತ ಸಿವಿಲ್ ಗೆಳೆಯರು ಲೆಕ್ಕ ಹಾಕಿ ಕೊಟ್ಟರು. ಉಳಿದದ್ದು 2700. ಅದರ ಕೆಳಗೆ ಎಸಿ ಡಕ್ಟಿಗೆ, ಅದರ ಇನ್ಸುಲೇಷನ್ ಸೇರಿ 400. ಫಾಲ್ಸ್ ಸೀಲಿಂಗಿಗೆ 100. ನೆಲದ ಟೈಲ್ಸ್ ಲೆಕ್ಕ ಬಿಟ್ಟರೂ ಓದುವ ಕೋಣೆಯ ಎತ್ತರ 2200! ಎಸಿ ಇರುವ ಕೋಣೆಯಲ್ಲಿ ಡಕ್ಟ್ ಅಥವಾ ಫಾಲ್ಸ್ ಸೀಲಿಂಗಿನ ತಳಕ್ಕೆ ಕನಿಷ್ಠ 2400 ಇರಬೇಕು ಅನ್ನುತ್ತೆ ನ್ಯಾಷನಲ್ ಬಿಲ್ಡಿಂಗ್ ಕೋಡ್. ಜ್ಯೂರಿಗೆ ಇಟ್ಟ ಸೆಕ್ಷನ್‌ನಲ್ಲಿ ನಾವು 2700 ಅಂತ ಧಾರಾಳವಾಗಿ ಬರೆದಿದ್ದೆವು. ಯಾರೂ ಹಿಡಿಯಲಿಲ್ಲ. ಯಾಕಂದ್ರೆ ಸೆಕ್ಷನ್ ಎಲ್ಲಿ ಕತ್ತರಿಸಬೇಕು ಅನ್ನೋದು ನಮ್ಮ ಕೈಯಲ್ಲಿತ್ತು, ಡಕ್ಟ್ ಬೀಮನ್ನ ದಾಟದ ಜಾಗ ನೋಡಿ ಕತ್ತರಿಸಿದ್ದೆವು. ಮೋಸ ಮಾಡಬೇಕು ಅಂತೇನಿರಲಿಲ್ಲ. ಸುಲಭವಾದ ಕಡೆ ಕೈ ತಾನಾಗಿ ಹೋಗಿತ್ತು, ಅಷ್ಟೇ. ಜ್ಯೂರಿ ಹಿಡಿದ ಕಿಟಕಿಗಿಂತ ಹಿಡಿಯದ ಈ ಸೀಲಿಂಗೇ ದೊಡ್ಡ ತಪ್ಪು.

ಹಾಗಂತ ರೆವಿಟ್‌ಗೆ ಕೈಮುಗಿದು ಕೂತುಬಿಡಿ ಅಂತ ಹೇಳ್ತಿಲ್ಲ. ಅದರಲ್ಲೂ ಒಂದು ಗುಂಡಿ ಇದೆ. ಉತ್ತರ ಗೊತ್ತಿಲ್ಲದಿದ್ದರೆ ಸಾಫ್ಟ್‌ವೇರೇ ಒಂದು ಉತ್ತರ ಕೊಟ್ಟುಬಿಡುತ್ತೆ. ಜೆನೆರಿಕ್ ಗೋಡೆ, ಲೈಬ್ರರಿಯಲ್ಲಿ ಸಿಕ್ಕ ಬಾಗಿಲು, ತಾನಾಗೇ ಬಂದ ಮೆಟ್ಟಿಲು. ಎರಡನೇ ವರ್ಷದವರ ಅರ್ಧಂಬರ್ಧ ಯೋಚನೆಯೂ ಎರಡು ಗಂಟೆಯಲ್ಲಿ ಕಟ್ಟಿ ಮುಗಿಸಿದ ಕಟ್ಟಡದ ಹಾಗೆ ಕಾಣುತ್ತೆ. ಒಮ್ಮೆ ಹಾಗೆ ಕಂಡ ಮೇಲೆ ಅಳಿಸೋಕೆ ಮನಸ್ಸು ಬರಲ್ಲ. ಪೆನ್ಸಿಲ್ ಸ್ಕೆಚ್‌ಗೆ ಆ ತೊಂದರೆ ಇಲ್ಲ. ಆದ್ದರಿಂದ ಕೈಯಲ್ಲಿ ಚಿತ್ರ ಬರೆಯೋದನ್ನ ಸಿಲಬಸ್‌ನಿಂದ ತೆಗೀರಿ ಅನ್ನುವವರ ಜೊತೆ ನಾವಿಲ್ಲ.

ಇನ್ನೊಂದು ಆಕ್ಷೇಪವೂ ನ್ಯಾಯವೇ. ಕಟ್ಟಡದ ಅನುಮತಿಗೆ ಎಷ್ಟೋ ಕಡೆ ಈಗಲೂ ಎರಡು ಆಯಾಮದ ಕ್ಯಾಡ್ ಡ್ರಾಯಿಂಗನ್ನೇ ಕೇಳ್ತಾರೆ. ಸೈಟಿನಲ್ಲಿ ಮೇಸ್ತ್ರಿಯವರಿಗೆ ಬೇಕಿರೋದು ಎ3 ಪ್ರಿಂಟು. ನಾವು ಮಿಲಿಮೀಟರಿನಲ್ಲಿ ಕೊಟ್ಟರೆ ಅವರು ಅದನ್ನ ಅಡಿ-ಇಂಚಿಗೆ ತಿರುಗಿಸಿಕೊಂಡು ಗೋಡೆ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕ್ತಾರೆ. ಇಬ್ಬರು ಮೂವರು ಕೆಲಸ ಮಾಡುವ ಸಣ್ಣ ಆಫೀಸಿಗೆ ರೆವಿಟ್ ಲೈಸೆನ್ಸ್ ದುಬಾರಿ. ವಿದ್ಯಾರ್ಥಿಗಳಾಗಿ ನಮಗೆ ಉಚಿತವಾಗಿ ಸಿಗುತ್ತೆ ನಿಜ, ಡಿಗ್ರಿ ಮುಗಿದ ಮೇಲೆ? ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲು ಹಳೆಯದರಲ್ಲಿ ತೆರೆಯೋದೇ ಇಲ್ಲ. ಸಬ್ಮಿಷನ್ ದಿನ ಅದನ್ನ ಅನುಭವಿಸಿದವರಿಗೆ ಗೊತ್ತು.

ಅದಕ್ಕೇ ನಾವು ಕೇಳೋದು ಇನ್ನೊಂದು ಸಾಫ್ಟ್‌ವೇರ್ ಲ್ಯಾಬ್ ಅಲ್ಲ. ಕಮಾಂಡುಗಳನ್ನ ಯೂಟ್ಯೂಬ್ ನೋಡಿ ನಾವೇ ಕಲಿತುಕೊಳ್ತೇವೆ. ನಮ್ಮ ಬೇಡಿಕೆ ಮೂರು.

ಒಂದು, ಮಾದರಿ ಕಟ್ಟೋದನ್ನ ಬಿಲ್ಡಿಂಗ್ ಕನ್‌ಸ್ಟ್ರಕ್ಷನ್ ವಿಷಯದ ಜೊತೆ ಸೇರಿಸಿ ಕಲಿಸಿ. ಒಂದು ಗೋಡೆಯನ್ನ ಸೈಟಿನಲ್ಲಿ ನೋಡಿ, ಕೈಯಲ್ಲಿ ಬರೆದು, ಆಮೇಲೆ ಮಾದರಿಯಲ್ಲಿ ಕಟ್ಟಲಿ.

ಎರಡು, ಒಂದೇ ಕಂಪನಿಗೆ ಕಟ್ಟುಬೀಳದ ಐಎಫ್‌ಸಿ ಅನ್ನುವ ಮುಕ್ತ ಫೈಲ್ ಮಾದರಿಯನ್ನೂ ಪರಿಚಯಿಸಿ. ಅದು ಐಎಸ್ಒ 16739 ಅನ್ನುವ ಅಂತರರಾಷ್ಟ್ರೀಯ ಮಾನದಂಡ. ಫ್ರೀಕ್ಯಾಡ್, ಬ್ಲೆಂಡರ್ ಮೇಲೆ ಓಡುವ ಬೊನ್ಸಾಯ್ ಎರಡೂ ಅದನ್ನ ತೆರೆಯುತ್ತವೆ, ಎರಡಕ್ಕೂ ಕಾಸು ಬೇಡ.

ಮೂರನೆಯದು ಮುಖ್ಯ. ವರ್ಷಕ್ಕೊಂದು ಪ್ರಾಜೆಕ್ಟನ್ನಾದರೂ ಆರ್ಕಿಟೆಕ್ಚರ್, ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ನಾಲ್ಕೂ ವಿಭಾಗದವರು ಒಂದೇ ಮಾದರಿಯಲ್ಲಿ ಕೂತು ಮಾಡಲಿ. ಒಂದೇ ಕ್ಯಾಂಪಸ್, ಒಂದೇ ಕ್ಯಾಂಟೀನು, ಆದರೆ ಬೀಮ್ ಒಂದು ಬಿಲ್ಡಿಂಗಿನಲ್ಲಿ, ಡಕ್ಟ್ ಇನ್ನೊಂದರಲ್ಲಿ, ಸೀಲಿಂಗ್ ಮತ್ತೊಂದರಲ್ಲಿ ಕಲೀತಾ ಇದ್ದೇವೆ. ಕೆಲಸಕ್ಕೆ ಸೇರಿದ ಮೇಲೆ ಈ ಮೂರೂ ಸೈಟಿನಲ್ಲಿ ಮುಖಾಮುಖಿ ಆಗ್ತವೆ. ಆಗ ಒಡೆಯೋದು ಬೇರೆಯವರ ದುಡ್ಡಿನ ಸ್ಲ್ಯಾಬು.

ಸಿಲಬಸ್ ಬದಲಾಗೋಕೆ ಟೈಮ್ ಬೇಕು, ಗೊತ್ತು. ಅಲ್ಲಿವರೆಗೂ ಕಾಯಬೇಕಾಗಿಲ್ಲ. ಆ ಗ್ರಂಥಾಲಯದ ಮಾದರಿ ಸ್ಟುಡಿಯೋದ ಕಂಪ್ಯೂಟರಿನಲ್ಲಿದೆ, ಸೀಲಿಂಗ್ ಇನ್ನೂ 2200ರಲ್ಲೇ ನಿಂತಿದೆ. ಮೆಕ್ಯಾನಿಕಲ್‌ನವರು ಯಾರಾದರೂ ಬಂದು ಡಕ್ಟಿಗೆ ಬೇರೆ ದಾರಿ ತೋರಿಸ್ತೀರಾ? ಕಾಫಿ ನಮ್ಮದು.